ಆಮೆಯ ಕೊರಳಿನ ಅಕ್ಷತೆ

ಆ ವರ್ಷದ ಮಹಾನವಮಿ ಬುಧವಾರ ಬಂದಿತ್ತು. ಪಂಚಾಂಗವನ್ನೂ ಮೊಬೈಲಿನ ಚಿತ್ರಗಳನ್ನೂ ತಾಳೆ ನೋಡಿಯೇ ಹೇಳುತ್ತಿದ್ದೇನೆ. ಹೆಂಡತಿ ಈಗಲೂ ಗುರುವಾರ ಎನ್ನುತ್ತಾಳೆ. ಮಸ್ಕತ್ತಿನಲ್ಲಿ ನಮ್ಮವರ ಹಬ್ಬಗಳು ರಜೆಯ ಶುಕ್ರವಾರಕ್ಕೆ ಸರಿಯುವುದು ರೂಢಿ. ಅಲ್ಲಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ನಮ್ಮ ಮನೆಯಲ್ಲಿಯೂ ಆಯುಧಪೂಜೆ ಶುಕ್ರವಾರವೇ ನಡೆಯಿತು. ಮರುದಿನ ದೂರದ ಕಡಲತಡಿಯ ಊರು ಸೂರ್‌ನಲ್ಲಿ ಕರಕುಶಲ ಪ್ರದರ್ಶನವಿತ್ತು.

ಹೆಂಡತಿಯದು ಸ್ಟೀಮ್‌ಪಂಕ್ ಎಂಬ ಕಲೆ: ಉಗಿಯಂತ್ರಗಳ ಕಾಲವನ್ನು ನೆನಪಿಸುವಂತೆ ಹಳೆಯ ಲೋಹದ ಬಿಡಿಭಾಗಗಳಿಂದ ಪ್ರಾಣಿಗಳನ್ನು ಕಟ್ಟುವುದು. ಬರ್ಕಾದ ಗುಜರಿಯಿಂದ ತಂದ ಹಿತ್ತಾಳೆ ಸ್ಟವ್ವಿನ ಟ್ಯಾಂಕು ಆಮೆಯ ಚಿಪ್ಪಾಯಿತು. ಒಳಗೆ ಅವಳ ತಂದೆಯ ಅಲಾರಂ ಗಡಿಯಾರದ ಹಲ್ಲುಚಕ್ರಗಳು. ಕೀಲಿ ಕೊಟ್ಟರೆ ಕೊರಳು ಮೆಲ್ಲನೆ ಹೊರಚಾಚುತ್ತಿತ್ತು. ಕಡಲಾಮೆಗಳು ದಡಕ್ಕೆ ಬರುವ ಸೂರ್‌ನ ಮಕ್ಕಳಿಗೆ ಅದನ್ನು ತೋರಿಸಬೇಕೆಂಬುದೊಂದೇ ಅವಳ ಆಸೆ.

ಪೂಜೆಗೆ ಮಿಕ್ಸಿ, ಕಾರಿನ ಕೀ, ಇಕ್ಕಳಗಳ ಸಾಲಿನಲ್ಲಿ ಆಮೆಯೂ ಕುಳಿತಿತ್ತು.

"ಇದೂ ಆಯುಧವಾ?" ಎಂದೆ.

"ಯಂತ್ರ ಅಲ್ವಾ? ನಿಮ್ಮ ಲ್ಯಾಪ್‌ಟಾಪಿಗೆ ಹೂ ಇಟ್ಟು ಇದನ್ನು ಬಿಟ್ಟರೆ ಪಾಪ, ಬೇಜಾರು ಆಗ್ಲಿಕ್ಕಿಲ್ವಾ?"

"ಆಮೆ ಅಲ್ವಾ ಮಾರಾಯ್ತಿ, ಬೇಜಾರಾದದ್ದು ಅದಕ್ಕೆ ಬರುವ ನವಮಿಗೆ ಗೊತ್ತಾದೀತು!"

ನಗುತ್ತಲೇ ಆಮೆಯ ಕೊರಳ ಮೇಲೆ ಅಕ್ಷತೆ ಹಾಕಿದಳು. ಪೂಜೆಗಿಟ್ಟದ್ದನ್ನು ಅಂದು ಬಳಸುವಂತಿಲ್ಲ. ಮರುದಿನ ಬೆಳಿಗ್ಗೆಯ ಅವಸರದಲ್ಲಿ ಹೂ ತೆಗೆದು, ಕೀಲಿ ಕೊಟ್ಟು ನೋಡದೆಯೇ ಬಟ್ಟೆಯಲ್ಲಿ ಸುತ್ತಿ ಹೊರಟೆವು.

ಸೂರ್‌ನಲ್ಲಿ ಮಕ್ಕಳು ಮುತ್ತಿಕೊಂಡರು. ಆ ಗದ್ದಲದಲ್ಲಿ ಅವಳು ಕೀಲಿ ತಿರುಗಿಸಿದಳು. ಕೊರಳು ಅರ್ಧ ಬಂದು ನಿಂತಿತು. ಮತ್ತೆ ತಿರುಗಿಸಿದಾಗ ಒಳಗೇನೋ ಕಟ್ ಎಂದಿತು.

"ಆಂಟಿ, ಈಸ್ ಇಟ್ ಡೆಡ್?" ಎಂದಳೊಬ್ಬ ಹುಡುಗಿ.

"ಇಲ್ಲ ಪುಟ್ಟಾ, ಅದಕ್ಕೆ ನಾಚಿಕೆ" ಎಂದು ಇವಳೂ ಇಂಗ್ಲಿಷಿನಲ್ಲೇ ಹೇಳಿದಳು.

ಮಕ್ಕಳು ನಕ್ಕು ಪಕ್ಕದ ಮೇಜಿಗೆ ಸರಿದರು.

ಮನೆಗೆ ಬಂದು ಬಿಚ್ಚಿದಾಗ ಚಕ್ರಗಳ ನಡುವೆ ಅರಿಸಿನದ ಅಕ್ಕಿಕಾಳೊಂದು ಸಿಕ್ಕಿಕೊಂಡಿತ್ತು. ಪಕ್ಕದಲ್ಲೇ ಒಂದು ಹಲ್ಲು ಮುರಿದಿತ್ತು. ಅಂಥ ಚಕ್ರ ಬರ್ಕಾದಲ್ಲಾಗಲಿ ನಮ್ಮೂರು ಮಂಗಳೂರಿನಲ್ಲಾಗಲಿ ದೊರೆಯಲಿಲ್ಲ.

ನವಮಿಯ ಬುಧವಾರವೇ ಪೂಜೆ ನಡೆದಿದ್ದರೆ ಗುರುವಾರ ಅವಳು ಮನೆಯಲ್ಲೇ ಕೀಲಿ ಕೊಟ್ಟು ನೋಡುತ್ತಿದ್ದಳು. ಆ ನಿಶ್ಶಬ್ದದಲ್ಲಿ ಚಕ್ರ ತಡೆದ ಸದ್ದು ಕೇಳಿ ಕೈ ತಾನಾಗಿ ನಿಲ್ಲುತ್ತಿತ್ತು. ಇದನ್ನು ಅವಳಿಗೆ ಒಮ್ಮೆ ಹೇಳಿದೆ.

"ಖಲಾಸ್, ಬಿಡಿ" ಎಂದಳು. "ಆ ವರ್ಷ ನವಮಿ ಗುರುವಾರವೇ. ಗುರುವಾರ ಅದನ್ನು ಮುಟ್ಲಿಕ್ಕೇ ಇರ್ಲಿಲ್ಲ."

ಈಗಲೂ ಆಯುಧಪೂಜೆಗೆ ಆಮೆಯನ್ನು ಇಡುತ್ತಾಳೆ. ಅರ್ಧ ಚಾಚಿದ ಕೊರಳಿಗೆ ಹೂ ಮಾತ್ರ, ಅಕ್ಷತೆಯಿಲ್ಲ.