ನನಗೆ ಓಟಿಲ್ಲದ ಚುನಾವಣೆ

ಸಿಂಗಪುರಕ್ಕೆ ಬಂದ ಹನ್ನೊಂದನೆಯ ವರ್ಷ ನಾನು ನಮ್ಮ ಕನ್ನಡ ಬಳಗದ ಅಧ್ಯಕ್ಷ ಸ್ಥಾನಕ್ಕೆ ನಿಂತೆ. ಸೋತೆ. ಸೋಲುತ್ತೇನೆಂದು ನಿಲ್ಲುವಾಗಲೇ ಗೊತ್ತಿತ್ತು. ಸೋತ ಮೇಲೆ ಭಾನುವಾರಗಳು ಅಷ್ಟು ಉದ್ದವಾಗುತ್ತವೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಅದು ದೊಡ್ಡ ಸಂಸ್ಥೆಯೇನಲ್ಲ. ಜುರಾಂಗ್ ಈಸ್ಟ್ ಸುತ್ತಮುತ್ತಲಿನ ಕೆಲವು ಕುಟುಂಬಗಳು ಸೇರಿ ಕಟ್ಟಿಕೊಂಡದ್ದು. ಯುಗಾದಿ, ಗಣೇಶನ ಹಬ್ಬ, ರಾಜ್ಯೋತ್ಸವ, ನಡುವೆ ಒಂದು ಪಿಕ್ನಿಕ್. ಹದಿನಾರು ವರ್ಷಗಳಿಂದ ಒಬ್ಬರೇ ಅಧ್ಯಕ್ಷರು. ಮೈಸೂರಿನವರು, ಸಾಫ್ಟ್‌ವೇರ್ ಕೆಲಸದಿಂದ ನಿವೃತ್ತರಾದವರು. ನಾನು ಅವರನ್ನು ಅಂಕಲ್ ಎಂದು ಕರೆಯುತ್ತಿದ್ದೆ. ಬರೀ ಬಾಯಿಮಾತಿಗಲ್ಲ. ನಾನು ಬಂದ ಹೊಸತರಲ್ಲಿ ಡೆಂಗಿ ತಗುಲಿ ಆಸ್ಪತ್ರೆಯಲ್ಲಿದ್ದಾಗ ಅವರೂ ಅವರ ಹೆಂಡತಿಯೂ ಎಂಟು ದಿನ ತಪ್ಪದೆ ಗಂಜಿ ತಂದುಕೊಟ್ಟರು. ಆ ಆಂಟಿ ಮೂರು ವರ್ಷದ ಹಿಂದೆ ತೀರಿಕೊಂಡರು. ಅಂಥವರ ಎದುರು ನಾನು ನಿಂತೆ.

ನಾನು ಜಮಖಂಡಿಯವಳು. ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಇನ್‌ಸ್ಪೆಕ್ಟರ್. ಇನ್ನೊಬ್ಬರು ಬಿಗಿದ ಬೋಲ್ಟನ್ನು ಮತ್ತೊಮ್ಮೆ ನೋಡಿ ಸಹಿ ಹಾಕುವುದು ನನ್ನ ಕೆಲಸ. ಮದುವೆಯಾಗಿಲ್ಲ. ಬಳಗದಲ್ಲಿ ಬೆಂಗಳೂರಿನ ಕನ್ನಡ ಮಾತಾಡಲು ಕಲಿತಿದ್ದೆ. ನಮ್ಮ ಕಡೆಯ ಮಾತು ಬಾಯಿಗೆ ಬಂದರೆ ಎಲ್ಲರೂ ನಕ್ಕು, ‘ಇನ್ನೊಂದ್ಸಲ ಹೇಳಿ’ ಎನ್ನುತ್ತಿದ್ದರು.

ಶುರುವಾದದ್ದು ಒಂದು ರಾಜ್ಯೋತ್ಸವದ ದಿನ. ಹಾಲ್‌ನ ಹೊರಗೆ ಕಾರಿಡಾರಿನಲ್ಲಿ ಒಬ್ಬ ಹೆಂಗಸು ಮಗುವಿನ ಸ್ಟ್ರಾಲರ್ ತೂಗುತ್ತ ನಿಂತಿದ್ದಳು. ಒಳಗೆ ಮಕ್ಕಳು ವಚನ ಹಾಡುತ್ತಿದ್ದರು. ಇವಳ ತುಟಿಗಳೂ ಅದಕ್ಕೆ ಸರಿಯಾಗಿ ಅಲುಗುತ್ತಿದ್ದವು. ಮಾತಾಡಿಸಿದೆ.

“ಯಾವೂರು?”

“ರಾಯಚೂರ ಕಡಿಯಾಕಿ ರೀ ಅಕ್ಕಾ. ಇವ್ರ ಮನ್ಯಾಗ ಕೆಲಸಕ್ಕ ಬಂದೀನ್ರಿ.”

“ಒಳಗ ಬಾ. ಎ.ಸಿ. ಐತಿ, ಕೂಡು.”

“ಬ್ಯಾಡ್ರಿ. ಮೇಡಂ ಇಲ್ಲೇ ನಿಂದ್ರು ಅಂದಾರ.”

ನಾನು ಅಂಕಲ್ ಬಳಿ ಹೋದೆ. ಅವರು ವೇದಿಕೆಯ ಪಕ್ಕದಲ್ಲಿ ಶಾಲುಗಳನ್ನು ಮಡಿಸಿ ಜೋಡಿಸುತ್ತಿದ್ದರು.

“ಅಂಕಲ್, ಆಚೆ ಒಬ್ರು ನಿಂತಿದಾರೆ. ಕನ್ನಡದವ್ರೇ. ಒಳಗೆ ಕೂರಿಸ್ಲಾ?”

“ಮೆಂಬರ್ ಫ್ಯಾಮಿಲೀನಾ?”

“ಅಲ್ಲ. ಮೆಂಬರ್ ಮನೇಲಿ ಕೆಲಸ ಮಾಡ್ತಾರೆ.”

ಅವರ ಕೈ ನಿಂತಿತು. “ಒಬ್ರನ್ನ ಬಿಟ್ರೆ ಎಲ್ರನ್ನೂ ಬಿಡಬೇಕಾಗತ್ತಮ್ಮ. ಫ್ಯಾಮಿಲೀಸ್‌ಗೆ ಅಂತ ರೂಲ್ಸಲ್ಲಿದೆ. ಜನ ಸುಮ್ನಿರಲ್ಲ. ನೀನು ಹೋಗು, ಊಟಕ್ಕೆ ಹಾಕ್ತಿದಾರೆ.”

ನಾನು ಹೋಗಿ ಊಟಕ್ಕೆ ಕುಳಿತೆ. ಅದನ್ನೂ ಬರೆಯಬೇಕು. ಬಿಸಿಬೇಳೆಬಾತ್ ಚೆನ್ನಾಗಿತ್ತು, ಎರಡನೆಯ ಸಲ ಹಾಕಿಸಿಕೊಂಡೆ. ಹೊರಗೆ ಬಂದಾಗ ಅವಳಿರಲಿಲ್ಲ.

ಆ ವಾರ ಬಳಗದ ನಿಯಮಾವಳಿಯನ್ನು ಮೊದಲ ಬಾರಿಗೆ ತೆರೆದು ಓದಿದೆ. ಕುಟುಂಬಕ್ಕೊಂದು ಸದಸ್ಯತ್ವ, ಕುಟುಂಬಕ್ಕೊಂದು ಓಟು, ಆ ಓಟು ‘ಕುಟುಂಬದ ಮುಖ್ಯಸ್ಥ’ರದು. ವರ್ಕ್ ಪರ್ಮಿಟ್ ಮೇಲೆ, ಅಂದರೆ ಕೂಲಿಗೆ, ಮನೆಗೆಲಸಕ್ಕೆ ಬಂದವರಿಗೆ ಸದಸ್ಯತ್ವವಿಲ್ಲ. ವಿಮಾನ ನಿಲ್ಲಿಸುವ ನಮ್ಮ ಹ್ಯಾಂಗರಿನಲ್ಲೇ ಬೀದರ್, ಕೊಪ್ಪಳದ ಕಡೆಯ ಹುಡುಗರಿದ್ದರು, ಅವರು ಹೊರಗೆ. ಹೆಂಡತಿಯರು ಒಳಗಿದ್ದೂ ಹೊರಗೆ. ಇದನ್ನು ಬದಲಿಸೋಣ ಎಂದು ಅಂಕಲ್‌ಗೆ ಎರಡು ಸಲ ಬರೆದೆ. ಎರಡು ಸಲವೂ ‘ನೋಡೋಣಮ್ಮ’ ಎಂದು ಉತ್ತರ ಬಂತು.

ಬಳಗದಲ್ಲಿ ಚುನಾವಣೆ ಎಂಬುದು ಹೆಸರಿಗಷ್ಟೇ ಇತ್ತು. ಮಹಾಸಭೆಗೆ ಒಂದು ತಿಂಗಳು ಮೊದಲು ಹಿರಿಯ ಸದಸ್ಯರ ‘ಆಯ್ಕೆ ಸಭೆ’ ನಡೆಯುತ್ತಿತ್ತು. ಅಲ್ಲಿ ಒಪ್ಪಿದ ಹೆಸರನ್ನು ಮಹಾಸಭೆಯಲ್ಲಿ ಓದುತ್ತಿದ್ದರು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಗೆಲ್ಲುವುದೋ ಸೋಲುವುದೋ ಆಯ್ಕೆ ಸಭೆಯಲ್ಲೇ ಆಗಬೇಕು. ಹದಿನಾರು ವರ್ಷ ಅಲ್ಲಿ ಎರಡನೆಯ ಹೆಸರೇ ಬಂದಿರಲಿಲ್ಲ. ನಾನು ನನ್ನ ಹೆಸರು ಕಳಿಸಿದೆ.

ಕಾರ್ಯದರ್ಶಿ ಫೋನ್ ಮಾಡಿದರು. ನನಗಿಂತ ಚಿಕ್ಕವರು, ಒಳ್ಳೆಯ ಮನುಷ್ಯ.

“ಮೇಡಂ, ಸೀರಿಯಸ್ಸಾಗಿ ಹಾಕಿದೀರಾ?”

“ಹೌದು.”

“ಚೆಕ್ ಮಾಡಿದೆ. ನೀವು ನಿಲ್ಲಬಹುದು, ಯಾವ ಮೆಂಬರ್ ಆದ್ರೂ ನಿಲ್ಲಬಹುದು ಅಂತಿದೆ. ಆದ್ರೆ…” ತಡೆದರು. “ನೀವು ಸಿಂಗಲ್ ಅಲ್ವಾ. ಅಸೋಸಿಯೇಟ್ ಕೆಟಗರಿ. ಓಟ್ ಮಾಡೋಕಾಗಲ್ಲ. ನಿಮಗೆ ನೀವೇ ಓಟ್ ಹಾಕ್ಕೊಳ್ಳೋ ಹಾಗಿಲ್ಲ.”

ಫೋನಿಟ್ಟು ನಿಯಮಾವಳಿ ಮತ್ತೆ ತೆರೆದೆ, ಅಸೋಸಿಯೇಟ್ ಎಂಬುದು ನಾನು ಓದದೆ ಬಿಟ್ಟ ಕೊನೆಯ ಪುಟದಲ್ಲಿತ್ತು. ಹನ್ನೊಂದು ವರ್ಷ ರಂಗೋಲಿ ಹಾಕಿದ್ದೆ, ಕುರ್ಚಿ ಎತ್ತಿದ್ದೆ, ನಿರೂಪಣೆ ಮಾಡಿದ್ದೆ. ನನಗೆ ಓಟಿಲ್ಲ ಎಂಬುದು ನನಗೇ ತಿಳಿದಿರಲಿಲ್ಲ. ಎಂದೂ ಯಾರೂ ಓಟು ಹಾಕಿದ್ದೇ ಇಲ್ಲವಲ್ಲ.

ರಜೆಯ ದಿನಗಳಲ್ಲಿ ಮನೆಮನೆಗೆ ಹೋದೆ. ಗಂಡಸರು ಹಾಲ್‌ನಲ್ಲಿ ಕೂರಿಸಿ, “ಪಾಯಿಂಟ್ ಕರೆಕ್ಟಾಗಿದೆ, ಆದ್ರೆ ಟೈಮಿಂಗ್ ಸರಿಯಿಲ್ಲ” ಎಂದರು. ಹೆಂಗಸರು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ, “ನೀವು ಗೆಲ್ಲಬೇಕು ಕಣ್ರೀ” ಎಂದರು. “ಯಜಮಾನರಿಗೆ ಹೇಳ್ತೀರಾ?” ಎಂದರೆ ಒಗ್ಗರಣೆಯ ಕಡೆ ತಿರುಗಿದರು. ಕಾಂಡೋ ಎನ್ನುವ ಒಂದು ದುಬಾರಿ ಅಪಾರ್ಟ್‌ಮೆಂಟಿನಲ್ಲಿ ಬೆಲ್ ಮಾಡಿದಾಗ ಏಳೆಂಟು ವರ್ಷದ ಹುಡುಗಿ ಬಾಗಿಲು ತೆರೆದಳು.

“ಆಂಟಿ, ಅಮ್ಮ ಮನೇಲಿಲ್ಲ ಲಾ” ಎಂದಳು, ಇಲ್ಲಿಯವರ ರಾಗದಲ್ಲಿ.

ಒಳಗೆ ಕುಕ್ಕರ್ ಕೂಗಿತು. ಯಾರೋ ಓಡಿ ಹೋಗಿ ಅದನ್ನು ಆರಿಸಿದ ಸದ್ದೂ ಕೇಳಿತು. ಹುಡುಗಿ ನನ್ನ ಮುಖ ನೋಡಿದಳು. ನಾನು ನಕ್ಕು, ಲಿಫ್ಟ್‌ನ ಗುಂಡಿ ಒತ್ತಿದೆ.

ಆಯ್ಕೆ ಸಭೆಗೆ ಒಂದು ವಾರ ಮೊದಲು ಎಲ್ಲರಿಗೂ ಮೆಸೇಜ್ ಹಾಕಿದೆ: ಶನಿವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಬ್ಲಾಕಿನ ಹತ್ತಿರ ತಿಂಡಿ ಅಂಗಡಿಗಳಿರುವ ಹಾಕರ್ ಸೆಂಟರ್‌ಗೆ ಬನ್ನಿ, ಪ್ರಶ್ನೆಗಳಿದ್ದರೆ ಕೇಳಿ. ಹದಿನೆಂಟು ಜನ ‘ಬರ್ತೀನಿ’ ಎಂದು ಹೆಬ್ಬೆರಳೆತ್ತಿದ ಚಿತ್ರ ಒತ್ತಿದ್ದರು. ನಾನು ಎರಡು ದುಂಡು ಮೇಜುಗಳ ಮೇಲೆ ಟಿಶ್ಯೂ ಪ್ಯಾಕೆಟ್ ಇಟ್ಟು ಜಾಗ ಹಿಡಿದು ಕುಳಿತೆ. ಹತ್ತೂವರೆಯಾಯಿತು. ಒಬ್ಬ ಚೀನೀ ಅಜ್ಜಿ ಬಂದು ಕುರ್ಚಿ ಮುಟ್ಟಿ, ಯಾರಾದರೂ ಇದ್ದಾರೆಯೇ ಎಂದು ಸನ್ನೆಯಲ್ಲಿ ಕೇಳಿದಳು. ಬರುತ್ತಾರೆ ಎಂದೆ. ಹನ್ನೊಂದಕ್ಕೆ ಅವಳು ಮತ್ತೆ ಬಂದಳು, ಈ ಸಲ ಕೇಳಲಿಲ್ಲ, ಕುಳಿತೇಬಿಟ್ಟಳು, ಮೊಮ್ಮಕ್ಕಳನ್ನೂ ಕರೆದಳು. ನಾನು ಅವರ ನಡುವೆ ಕುಳಿತು ಚಹಾ ಮುಗಿಸಿದೆ.

ಹೊರಡುವಷ್ಟರಲ್ಲಿ ಅಂಕಲ್ ಬಂದರು. ಕೈಯಲ್ಲಿ ತರಕಾರಿಯ ಚೀಲ. ಸುತ್ತ ನೋಡಿದರು. ಎಲ್ಲಿ ಜನ ಎಂದು ಕೇಳಲಿಲ್ಲ. ನನ್ನ ಎದುರು ಕುಳಿತರು.

“ನನ್ಮೇಲೆ ಕೋಪನಾ?” ಎಂದರು.

“ಇಲ್ಲ ಅಂಕಲ್. ರೂಲ್ಸ್ ಮೇಲೆ.”

“ಆ ರೂಲ್ಸ್ ಬರೆದಿದ್ದು ನಾನೇ. ನಮ್ಮ ಮನೆ ಡೈನಿಂಗ್ ಟೇಬಲ್ ಮೇಲೆ. ಆಗ ಇದ್ದಿದ್ದೇ ಆರು ಫ್ಯಾಮಿಲಿ, ಹೊರಗೆ ಉಳಿಯೋರು ಇಷ್ಟು ಜನ ಆಗ್ತಾರೆ ಅಂತ ಹೊಳೀಲೇ ಇಲ್ಲ.” ಚೀಲದಿಂದ ಜಾರುತ್ತಿದ್ದ ಸೋರೆಕಾಯಿಯನ್ನು ಒಳಗೆ ತಳ್ಳಿದರು. “ಇದನ್ನೂ ಬಿಟ್ರೆ ನನಗೆ ಇನ್ನೇನಿದೆ ಹೇಳು. ಇವಳು ಹೋದ್ಮೇಲೆ ಫೋನ್ ರಿಂಗಾಗೋದೇ ಬಳಗದ್ದು. ಹಾಲ್ ಬುಕ್ ಮಾಡಿದ್ರಾ, ಮೈಕ್ ಬಂತಾ, ಅಂತ. ಅದೂ ನಿಂತ್ರೆ?”

ನನಗೂ ಇನ್ನೇನಿದೆ ಎಂದು ಹೇಳಬೇಕೆನ್ನಿಸಿತು. ಅವರು ಎದ್ದು, ನನ್ನ ಖಾಲಿ ಲೋಟವನ್ನೂ ಟ್ರೇಯಲ್ಲಿಟ್ಟುಕೊಂಡು ಹೋಗಿ ವಾಪಸು ಕೊಡುವ ಜಾಗದಲ್ಲಿಟ್ಟು ಹೊರಟುಹೋದರು.

ಆಯ್ಕೆ ಸಭೆ ಒಂದು ಕಾಂಡೋದ ಫಂಕ್ಷನ್ ರೂಮಿನಲ್ಲಿ ನಡೆಯಿತು. ಕಿಟಕಿಯಾಚೆ ಈಜುಕೊಳದಲ್ಲಿ ಮಕ್ಕಳು ಕಿರುಚುತ್ತಿದ್ದರು. ನನಗೆ ಐದು ನಿಮಿಷ ಕೊಟ್ಟರು. ಬೆಂಗಳೂರಿನ ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. ಎರಡನೆಯ ಸಾಲಿಗೇ ಕಾಗದ ಮಡಚಿಟ್ಟೆ. ಬಾಯಿಗೆ ಬಂದದ್ದು ನಮ್ಮ ಮನೆಯ ಮಾತು.

“ನೋಡ್ರಿ, ನಾ ಯಾರ ಕುರ್ಚಿನೂ ಕಸ್ಗೊಳ್ಳಾಕ ಬಂದಿಲ್ರಿ. ಕನ್ನಡ ಮಾತಾಡೋ ಮನಷ್ಯಾ ಕನ್ನಡದ ಹಬ್ಬಕ್ಕ ಬಾಗಲದಾಗ ನಿಂದರಬಾರದು. ಅಷ್ಟ. ನಾ ಹನ್ನೊಂದು ವರ್ಷ ನಿಮ್ಮ ಜೋಡಿ ಅದೀನಿ. ನನಗ ಇವತ್ತ ಓಟಿಲ್ಲ.”

ಈ ಸಲ ಯಾರೂ ನಗಲಿಲ್ಲ.

ಕೈ ಎತ್ತುವ ಕ್ರಮ. ನನ್ನ ಹೆಸರು ಮೊದಲು ಕರೆದರು. ಆರು ಕೈಗಳು ಎದ್ದವು. ಆಮೇಲೆ ಹಿಂದಿನ ಸಾಲಿನಲ್ಲಿ ಏಳನೆಯದು, ಒಬ್ಬ ಹೆಂಗಸಿನದು. ಅವರ ಗಂಡ ಪಕ್ಕದಲ್ಲೇ ಕೈಕಟ್ಟಿ ಕುಳಿತಿದ್ದರು. ಕಾರ್ಯದರ್ಶಿ ಗಂಡನ ಮುಖ ನೋಡಿದರು.

“ಸರ್, ನಿಮ್ಮ ಮನೆ ಓಟು…?”

ಗಂಡ ನೆಲ ನೋಡಿದರು. ಹೆಂಗಸಿನ ಕೈ ಕೆಳಗಿಳಿಯಲಿಲ್ಲ. ಆಗ ಮಾತಾಡಿದ್ದು ಅಂಕಲ್. “ಎತ್ತಿದ ಕೈ ಎದ್ದಿದೆ. ಬರ್ಕೊಳಿ” ಎಂದರು.

ಏಳು. ಅಂಕಲ್‌ಗೆ ಮೂವತ್ತೊಂದು. ಚಪ್ಪಾಳೆಯಾಯಿತು, ನಾನೂ ತಟ್ಟಿದೆ. ಕಾಫಿ ಕೊಟ್ಟರು. ನಾನು ಕಪ್ಪು ಹಿಡಿದು ನಿಂತಲ್ಲಿ ಸುತ್ತ ಒಂದು ಮಾರು ಜಾಗ ಖಾಲಿ ಇತ್ತು. ಆ ಹೆಂಗಸನ್ನು ಹುಡುಕಿದೆ. ಗಂಡ ಹೆಂಡತಿ ಆಗಲೇ ಹೊರಟುಹೋಗಿದ್ದರು.

ನನ್ನನ್ನು ಯಾರೂ ಬಳಗದಿಂದ ತೆಗೆಯಲಿಲ್ಲ, ಯಾರೂ ಕೆಟ್ಟದಾಗಿ ಮಾತಾಡಲಿಲ್ಲ. ಹುಟ್ಟುಹಬ್ಬಗಳಿಗೆ ಕರೆಯುವುದು ನಿಂತಿತು, ಅಷ್ಟೇ. ಲಿಟಲ್ ಇಂಡಿಯಾದ ಅಂಗಡಿಯಲ್ಲಿ ಪರಿಚಿತರು ಎದುರಾದರೆ ಬೆಂಡೆಕಾಯಿಯ ತುದಿ ಮುರಿಯುವುದರಲ್ಲಿ ಮುಳುಗುತ್ತಿದ್ದರು. ಗಣೇಶನ ಹಬ್ಬಕ್ಕೆ ನಿರೂಪಣೆ ಬೇರೆಯವರಿಗೆ ಹೋಯಿತು. ನಾನು ಹೋಗಲಿಲ್ಲ. ನನ್ನ ಮನೆಯಲ್ಲಿ ಒಬ್ಬಳೇ ಶೇಂಗಾ ಹೋಳಿಗೆ ಮಾಡಿದೆ. ಐದಕ್ಕಿಂತ ಕಡಿಮೆ ಮಾಡುವುದು ನನಗೆ ಬಾರದು, ಮೂರು ದಿನ ಅದನ್ನೇ ತಿಂದೆ.

ಆ ರಾಯಚೂರಿನವಳನ್ನು ಒಂದು ಭಾನುವಾರ ದೇವಸ್ಥಾನದ ಹೊರಗೆ ಚಪ್ಪಲಿ ಬಿಡುವಲ್ಲಿ ಕಂಡೆ. ನಡೆದದ್ದೆಲ್ಲ ಹೇಳಿದೆ. ಹೇಳುವಾಗ ಅವಳ ಕಣ್ಣಲ್ಲಿ ಏನೋ ಕಾಣಬೇಕೆಂದು ಕಾದೆ ಎಂಬುದು ಈಗ ನಾಚಿಕೆಯ ಸಂಗತಿ.

“ನನ್ನ ಸಲುವಾಗಿ ಮಂದಿ ಕೂಡ ಯಾಕ ಕೆಡಸ್ಕೊಂಡ್ರಿ ಅಕ್ಕಾ?” ಎಂದಳು. “ನನಗ ಆ ಹಾಲ್ ಬ್ಯಾಡಾಗಿತ್ತು. ಅವತ್ತ ರಜಾ ಇತ್ರಿ ನಂದು. ರಜಾ ದಿನಾನೂ ಕೂಸಿನ್ನ ಎತ್ಗೊಂಡು ಬಾ ಅಂದಿದ್ರು. ನನಗ ನಿದ್ದಿ ಬೇಕಾಗಿತ್ತು.”

“ನಾ ಕೇಳಬೇಕಾಗಿತ್ತು ನಿನ್ನ” ಎಂದೆ.

“ಹೌದ್ರಿ” ಎಂದಳು, ಬೇಸರವಿಲ್ಲದೆ. ಆಮೇಲೆ, “ಏಳು ಮಂದಿ ಕೈ ಎತ್ತಿದ್ರಾ? ಏಳು ಅಂದ್ರ ಕಡಿಮಿ ಏನಲ್ಲ ಬಿಡ್ರಿ” ಎಂದು ನಕ್ಕಳು. ಕೆಲವು ತಿಂಗಳಲ್ಲಿ ಅವಳ ಕರಾರು ಮುಗಿಯಿತು, ಊರಿಗೆ ಹೋದಳು.

ಮರುವರ್ಷ ಬಳಗದಿಂದ ಒಂದು ಮಿಂಚಂಚೆ ಬಂತು. ಸೆಲೆಟಾರ್‌ಗೆ ಹೋಗುವ ಬಸ್ಸಿನಲ್ಲಿ ಓದಿದೆ. ಒಬ್ಬ ಸದಸ್ಯರಿಗೆ ಒಂದು ಓಟು, ಗಂಡ ಹೆಂಡತಿಗೆ ಬೇರೆ ಬೇರೆ, ಅವಿವಾಹಿತರಿಗೂ ಉಂಟು. ವರ್ಕ್ ಪರ್ಮಿಟ್‌ನವರ ವಿಷಯ ಅದರಲ್ಲಿರಲಿಲ್ಲ. ಪ್ರಸ್ತಾವ ಅಧ್ಯಕ್ಷರದು. ನನ್ನ ಹೆಸರು ಎಲ್ಲೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಯಾರಿಗಾದರೂ ಕಳಿಸೋಣವೆಂದು ಫೋನಿನಲ್ಲಿ ಹೆಸರುಗಳನ್ನು ಮೇಲಿಂದ ಕೆಳಗೆ ಸರಿಸಿದೆ. ನನ್ನ ಸ್ಟಾಪ್ ಬಂತು.

ಆ ಭಾನುವಾರ ಮಧ್ಯಾಹ್ನ ಅಂಕಲ್ ಫೋನ್ ಮಾಡಿದರು. ಒಂದು ವರ್ಷದ ಮೇಲೆ ಅದೇ ಮೊದಲು.

“ಮೇಲ್ ನೋಡಿದ್ಯಾ?”

“ನೋಡಿದೆ ಅಂಕಲ್. ಥ್ಯಾಂಕ್ಸ್.”

“ಈ ಸಲ ನಿಲ್ತೀಯಾ?”

“ಇಲ್ಲ ಅಂಕಲ್.”

“ನಿಂತ್ರೆ ಗೆಲ್ತೀಯ ಅನ್ಸತ್ತೆ.”

ನಾನು ಸ್ಟೋವ್ ಸಣ್ಣಗೆ ಮಾಡಿದೆ. ಅವರ ಮನೆಯ ಫ್ಯಾನಿನ ಸದ್ದು ಕೇಳಿಸುತ್ತಿತ್ತು.

“ಊಟ ಆಯ್ತಾ?” ಎಂದರು.

“ಈಗ ಮಾಡಬೇಕು. ರೊಟ್ಟಿ ಬಡೀತಿದ್ದೆ. ನಿಮ್ದು?”

“ಉಪ್ಪಿಟ್ಟು ಮಾಡ್ಕೊಂಡೆ. ಜಾಸ್ತಿ ಆಗೋಯ್ತು.”

“ನಂದೂ ಅಷ್ಟೇ” ಎಂದೆ.

ಅವರ ಬ್ಲಾಕಿಗೂ ನನ್ನ ಬ್ಲಾಕಿಗೂ ನಡುವೆ ಎರಡು ಬಸ್ ಸ್ಟಾಪು. ಬನ್ನಿ ಎಂದು ನಾನು ಹೇಳಲಿಲ್ಲ, ಬಾ ಎಂದು ಅವರೂ ಹೇಳಲಿಲ್ಲ. “ಸರಿಯಮ್ಮ, ತಣ್ಣಗಾಗತ್ತೆ, ಊಟ ಮಾಡು” ಎಂದು ಅವರು ಫೋನಿಟ್ಟರು.