ಆಚಾರಿ ಕಳೆಯದ ಕೀಲಿಕೈ

ಆಚಾರಿಯ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಎಂದೋ ಕೊಡತಿ ಜಾರಿ ಬಿದ್ದ ಪೆಟ್ಟಂತೆ. ಹಲಗೆಯನ್ನು ಉಜ್ಜಿ ನುಣುಪು ಮಾಡಿದ ಮೇಲೆ ಅವರು ಆ ಸೀಳುಗುರನ್ನು ಅದರ ಮೇಲೆ ಮೆಲ್ಲನೆ ಎಳೆಯುತ್ತಿದ್ದರು. ನನ್ನ ಕೈಗೆ ಬೆಣ್ಣೆಯಂತಿದ್ದ ಮರದಲ್ಲಿ ಉಗುರು ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತಿತ್ತು. "ಇಲ್ಲಿ ಇನ್ನೂ ಒಪ್ಪಿಲ್ಲ ಸಾವ್ಕಾರ್ರೆ" ಎಂದು ಮತ್ತೆ ಉಜ್ಜಲು ಕೂರುತ್ತಿದ್ದರು. ಮರ ಒಪ್ಪಬೇಕು ಎನ್ನುವುದು ಅವರ ಮಾತು. ಮರ ಒಪ್ಪುವವರೆಗೆ ಮನೆಯ ಯಜಮಾನ ಎಷ್ಟು ಹಾರಾಡಿದರೂ ಅವರಿಗೆ ಲೆಕ್ಕವಿರಲಿಲ್ಲ.

ಆಗ ನಾನು ಅವರನ್ನು 'ನೀನು' ಎನ್ನುತ್ತಿದ್ದೆ. ನನಗಿಂತ ಇಪ್ಪತ್ತೈದು ವರ್ಷಕ್ಕೆ ಹಿರಿಯರು. ಈಗ ಬರೆಯುವಾಗ ತಾನಾಗಿ ಬಹುವಚನ ಬರುತ್ತಿದೆ, ಇಷ್ಟು ತಡವಾಗಿ ಬಂದು ಏನು ಪ್ರಯೋಜನವೋ ತಿಳಿಯದು.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಕೊಡ್ಲಿಪೇಟೆಯ ಕಡೆಯ ಶಿವಭಕ್ತರ ಮನೆತನ ನಮ್ಮದು. ಅಣ್ಣ ಊರಿನಲ್ಲಿ ಗದ್ದೆ ಮತ್ತು ಅಂಗಡಿ ನೋಡಿಕೊಂಡಿದ್ದ. ನನ್ನ ಪಾಲಿಗೆ ಒಂದು ಸಣ್ಣ ಕಾಫಿ ತೋಟ ಮತ್ತು ಅದರೊಳಗಿನ ಹಳೆಯ ಬಂಗಲೆ ಬಂದಿತ್ತು. ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಬಂಗಲೆಯನ್ನು ಹೊಸದು ಮಾಡಿಸಲು ಹೊರಟೆ. ನೆಲಕ್ಕೆ ಕೆಂಪು ಗಾರೆ, ಕಿಟಕಿಗಳಿಗೆ ಗಾಜು, ಗೋಡೆಗೆ ಸುಣ್ಣ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹದ ಅಗತ್ಯವಿರುತ್ತಿರಲಿಲ್ಲ.

ದೇಶ ಬಿಟ್ಟು ಹೊರಟಿದ್ದ ಒಬ್ಬ ಬಿಳಿ ದೊರೆಯ ಬಂಗಲೆಯಲ್ಲಿ ಸಾಮಾನುಗಳ ಹರಾಜಿಗೆ ಹೋಗಿದ್ದೆ. ಅಲ್ಲಿ ಹಜಾರದ ಮೂಲೆಯಲ್ಲಿ ಒಂದು ಬಾರ್ ಇತ್ತು. ಬೀಟೆಯ ಕೌಂಟರು, ಕಾಲಿಡಲು ಹಿತ್ತಾಳೆಯ ಸರಳು, ಹಿಂದೆ ಕನ್ನಡಿ, ಮೇಲೆ ತಲೆಕೆಳಗಾಗಿ ನೇತಾಡುವ ಗಾಜಿನ ಲೋಟಗಳು. ಯಾರೋ ಕೊಂಡು ಸಾಗಿಸಿಬಿಟ್ಟರು. ನನಗೆ ಅಂದು ಊಟ ಸೇರಲಿಲ್ಲ. ಕುಡಿತದ ಚಟವೇನೂ ನನಗಿರಲಿಲ್ಲ. ಎರಡು ಗುಟುಕಿಗೆ ತಲೆ ತಿರುಗುತ್ತಿತ್ತು. ಆದರೆ ಸುತ್ತಲಿನ ಪ್ಲಾಂಟರುಗಳು ಮನೆಗೆ ಬಂದಾಗ ನಾನು ಹಾಲು, ಬಾಳೆಹಣ್ಣು ಮುಂದಿಡುತ್ತಿದ್ದೆನಲ್ಲ, ಅವರು ಅದನ್ನು ಮರ್ಯಾದೆಯಿಂದ ತಿಂದು ಬೇಗ ಹೊರಟುಬಿಡುತ್ತಿದ್ದರು. ಅವರು ಕೂರಬೇಕು, ತಡವಾಗಿ ಹೋಗಬೇಕು, 'ಅವನ ಮನೆ ನೋಡಬೇಕು ಮಾರಾಯ' ಎಂದು ನಾಲ್ಕು ಕಡೆ ಹೇಳಬೇಕು ಎಂಬುದು ನನ್ನ ಆಸೆ.

ಆಚಾರಿಯನ್ನು ಕರೆಸಿದೆ. ಸುತ್ತಮುತ್ತ ದೇವರ ಮಂಟಪ, ಪಲ್ಲಕ್ಕಿಗೆ ಅವರದೇ ಕೈ. ನಾನು ಬರೆದ ನಕ್ಷೆಯನ್ನು ಅತ್ತಿತ್ತ ತಿರುಗಿಸಿ ನೋಡಿದರು.

"ಲೋಟ ಯಾಕ್ ಸಾವ್ಕಾರ್ರೆ ಬಾವಲಿ ತರ ನೇತಾಡ್ಬೇಕು?"

"ಅದು ಹಾಗೇ ಇರೋದು. ನೀನು ಮಾಡು."

"ಮಾಡಾನ ಬುಡಿ. ಈ ಗೂಡುಗಳು?"

"ಬಾಟ್ಲಿಗೆ."

ನಕ್ಷೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಇಷ್ಟೆಲ್ಲ ಮಾಡಿದರೂ ನನಗೆ ಅವ್ವನ ಭಯ ಇದ್ದೇ ಇತ್ತು. ಅವ್ವ ಅಣ್ಣನ ಮನೆಯಲ್ಲಿದ್ದಳು, ಯಾವಾಗ ಗಾಡಿ ಕಟ್ಟಿಸಿಕೊಂಡು ಬಂದಾಳೋ ಹೇಳುವಂತಿರಲಿಲ್ಲ. ಆದ್ದರಿಂದ ಬಾರಿಗೆ ಎರಡು ಬಾಗಿಲು ಬೇಕು, ಮುಚ್ಚಿ ಬೀಗ ಹಾಕಿದರೆ ಒಳಗೇನಿದೆ ಎಂದು ಗೊತ್ತಾಗಬಾರದು ಎಂದೆ.

"ಮುಚ್ಚಿದಾಗ ಏನಂತ ಕಾಣ್ಬೇಕು?"

"ಏನಾದ್ರೂ ಕಾಣ್ಲಿ, ಬಾಟ್ಲಿ ಇಡೋದು ಅಂತ ಕಾಣ್ಬಾರ್ದು."

"ಮೊಳೆ ಹೊಡೀಲಾ, ಬೆಣೆ ಹಾಕ್ಲಾ?"

ದೇವರ ಕೆಲಸಕ್ಕೆ ಅವರು ಕಬ್ಬಿಣ ಮುಟ್ಟಿಸುತ್ತಿರಲಿಲ್ಲ. ಎಲ್ಲವೂ ಮರದ ಬೆಣೆ. ಮರಕ್ಕೆ ಮರವೇ ಕಚ್ಚಿಕೊಳ್ಳಬೇಕು. ಮಂಚ, ಬೆಂಚು, ಗಾಡಿಗಳಿಗೆ ಮಾತ್ರ ಮೊಳೆ. ನನಗೆ ಈ ಭೇದ ಗೊತ್ತಿತ್ತು. ಆದರೂ ಬೆಣೆಯೇ ಚೆಂದ ಎಂದು ಬೆಣೆಯನ್ನೇ ಹೇಳಿದೆ. ಅವರು ಎರಡು ತಿಂಗಳು ನಮ್ಮ ಕಾಫಿ ಗೋದಾಮಿನಲ್ಲಿ ಕೂತು ಕೆಲಸ ಮಾಡಿದರು. ಬಾಗಿಲುಗಳ ಮೇಲೆ ಬಳ್ಳಿ, ಬಳ್ಳಿಯಲ್ಲಿ ಎರಡು ಹಂಸ, ಮೇಲ್ಗಡೆ ಅರಳಿದ ತಾವರೆ ಬಂದವು. ಅವರ ಕೈಗೆ ಬೇರೆ ಚಿತ್ತಾರ ಬರುತ್ತಿರಲಿಲ್ಲ. ನೋಡಿ ನನಗೆ ಕುಣಿದಾಡುವಷ್ಟು ಸಂತೋಷವಾಯಿತು.

ಬಾರನ್ನು ಹಜಾರದಲ್ಲಿ ನಿಲ್ಲಿಸಿ ಬಾಗಿಲಿಗೆ ಹಿತ್ತಾಳೆಯ ಬೀಗ ಕೂರಿಸಿದ ದಿನವೇ ಅವ್ವ ಬಂದಳು. ಗಾಡಿಯಿಂದ ಇಳಿದವಳು ನೇರ ಒಳಗೆ ಬಂದು, ಆ ಬಾಗಿಲುಗಳನ್ನು ಕಂಡು ನಿಂತಲ್ಲೇ ಎರಡೂ ಕೈ ಮುಗಿದಳು.

"ನನ್ನಪ್ಪಾ, ದೇವ್ರ ಮಂಟಪ ಮಾಡ್ಸೀಯಾ! ಒಂದು ಮಾತೂ ಹೇಳ್ಲಿಲ್ವಲ್ಲೋ!"

ಅವಳ ಕಣ್ಣು ತುಂಬಿತ್ತು. ಇಲ್ಲ ಅವ್ವ ಎನ್ನಲು ಬಾಯಿ ತೆರೆದದ್ದು ನಿಜ. ಆದರೆ ಹೊರಬಂದದ್ದು "ನಿನಗೆ ಆಶ್ಚರ್ಯ ಆಗ್ಲಿ ಅಂತ ಹೇಳ್ಲಿಲ್ಲ" ಎಂಬ ಮಾತು. ಅವ್ವ ಬೀಗದ ಕಡೆಗೆ ಕೈ ಚಾಚಿದಾಗ ಗಾಬರಿಯಾಗಿ, ಒಳಗೆ ಇನ್ನೂ ಕೆಲಸ ಮುಗಿದಿಲ್ಲ, ತೆಗೆಯಬಾರದು ಎಂದೆ. ಅವ್ವ ಆಚಾರಿಯ ಕಡೆ ತಿರುಗಿದಳು.

"ಹೌದೇನಪ್ಪ?"

ಆಚಾರಿ ನನ್ನ ಮುಖ ನೋಡಿದರು. ನಾನು ಕಣ್ಣಲ್ಲೇ ಬೇಡಿಕೊಂಡೆ. ಅವರು ಹೆಗಲ ಮೇಲಿನ ವಸ್ತ್ರ ತೆಗೆದು ಕೈ ಒರೆಸಿಕೊಂಡು, "ಕೆಲ್ಸ ಬಾಕಿ ಐತೆ ಅವ್ವಾ" ಎಂದರು. ಅಷ್ಟೇ ಅಂದರು, ಮಂಟಪ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅವ್ವ ಅಷ್ಟಕ್ಕೇ ಸುಮ್ಮನಾಗಲಿಲ್ಲ. ದೇವರ ಕೆಲಸ ಮಾಡಿದವರಿಗೆ ಮನೆಯ ಹಿರಿಯರು ಹೊಸ ಪಂಚೆ, ಎಲೆ, ಅಡಿಕೆ ಕೊಟ್ಟು ಕೈ ಮುಗಿಯುವುದು ನಮ್ಮಲ್ಲಿ ಪದ್ಧತಿ. ಟ್ರಂಕಿನಿಂದ ನನಗೆಂದು ತಂದಿದ್ದ ಪಂಚೆ ತೆಗೆದು ತಟ್ಟೆಯಲ್ಲಿಟ್ಟು ತಂದಳು. ಆಚಾರಿ ಕೆಂಡ ತುಳಿದವರಂತೆ ಹಿಂದೆ ಸರಿದರು. "ಕೆಲ್ಸ ಮುಗೀಲಿ ಅವ್ವಾ, ಆಮ್ಯಾಕೆ ಇಸ್ಕೋತೀನಿ" ಎಂದು ಉಳಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟೇಬಿಟ್ಟರು.

ಮರುದಿನದಿಂದ ಅವ್ವ ಮಿಂದು ಬಂದು ಆ ಬಾಗಿಲಿಗೆ ವಿಭೂತಿ ಹಚ್ಚಿ, ಹಂಸಗಳ ತಲೆಯ ಮೇಲೆ ಹೂವಿಟ್ಟು, ಮುಂದೆ ದೀಪ ಹಚ್ಚಲು ತೊಡಗಿದಳು. ಒಳಗೆ ಆಗಲೇ ನಾನು ತುಂಬಿಸಿಟ್ಟಿದ್ದ ಆರು ಬಾಟಲಿಗಳಿದ್ದವು. ಬೆಳಗಿನ ಕಾಫಿ ಕುಡಿಯುತ್ತ ನಾನು ಅದನ್ನು ನೋಡಬೇಕಾಗಿತ್ತು. ಇವತ್ತು ಹೇಳಿಬಿಡೋಣ ಎಂದು ದಿನವೂ ಅಂದುಕೊಳ್ಳುವುದು, ಕಾಫಿ ಹಣ್ಣಿನ ಪಿಕ್ಕಿಂಗ್ ನೋಡುವ ನೆಪದಲ್ಲಿ ತೋಟಕ್ಕೆ ಓಡುವುದು.

ಶಿವರಾತ್ರಿ ಹತ್ತಿರ ಬಂತು. ಅವ್ವ ಟ್ರಂಕಿನ ತಳದಿಂದ ಕೆಂಪು ವಸ್ತ್ರದಲ್ಲಿ ಸುತ್ತಿದ ಹಿತ್ತಾಳೆಯ ವೀರಭದ್ರನನ್ನು ಹೊರತೆಗೆದಳು. ನಮ್ಮ ಮನೆದೇವರು. ಅಣ್ಣನನ್ನು ಒಪ್ಪಿಸಿ, ಹೊಸ ಮಂಟಪದಲ್ಲಿ ಇಡಲೆಂದು ತರಿಸಿಕೊಂಡಿದ್ದಳು. "ಕೀಲಿಕೈ ಕೊಡು, ಒಳಗೆ ತೊಳೀಬೇಕು" ಎಂದಳು.

ಕೀಲಿಕೈ ನನ್ನ ಕೋಟಿನ ಜೇಬಿನಲ್ಲಿತ್ತು.

"ಆಚಾರಿ ಹತ್ರ ಇದೆ ಅವ್ವ. ಕೆಲಸ ಅರ್ಧಕ್ಕೇ ಬಿಟ್ಟು ಹೋದ. ಎಷ್ಟು ಹೇಳಿ ಕಳಿಸಿದ್ರೂ ಬರ್ತಿಲ್ಲ" ಎಂದೆ. ಈ ಸುಳ್ಳನ್ನು ಯೋಚಿಸಿ ಹೇಳಿದ್ದಲ್ಲ. ಯೋಚಿಸದೆಯೇ ಇಷ್ಟು ಸಲೀಸಾಗಿ ಬಂತಲ್ಲ ಎಂಬುದೇ ನನಗೆ ಇಂದಿಗೂ ಹೆಚ್ಚು ಹೇಸಿಗೆಯ ಸಂಗತಿ.

ಅವ್ವ ಆಳು ಕಳಿಸುತ್ತಾಳೆ, ಅಷ್ಟರಲ್ಲಿ ಏನಾದರೂ ಮಾಡೋಣ ಎಂದುಕೊಂಡಿದ್ದೆ. ಅವಳು ಸೆರಗು ಹೊದ್ದು ತಾನೇ ಹೊರಟಳು. ನಾನು ಕೊಡೆ ಹಿಡಿದು ಹಿಂದೆ ನಡೆದೆ. ಒಂದೂವರೆ ಮೈಲಿ, ಉರಿ ಬಿಸಿಲು. ದಾರಿಯಲ್ಲಿ ಹೇಳಬಹುದಿತ್ತು.

ಆಚಾರಿ ಬೀದಿಯ ಪಕ್ಕದ ಚಪ್ಪರದಲ್ಲಿ ನೇಗಿಲು ಕೆತ್ತುತ್ತಿದ್ದರು. ಅವ್ವನನ್ನು ಕಂಡು ಎದ್ದು ನಿಂತರು. ಅಕ್ಕಪಕ್ಕದ ಹೆಂಗಸರು ಬಾಗಿಲಿಗೆ ಬಂದರು. ದೇವಸ್ಥಾನದ ಪಾರುಪತ್ಯಗಾರರೂ ಎದುರು ಜಗಲಿಯಲ್ಲಿದ್ದರು.

"ದೇವ್ರ ಕೆಲ್ಸ ಅರ್ಧಕ್ಕೆ ಬಿಟ್ಟು ನೇಗಿಲು ಕೆತ್ತಾ ಕೂತಿದೀಯಲ್ಲ, ಮಂಟಪದ ಕೀಲಿಕೈ ಎಲ್ಲಯ್ಯಾ?" ಎಂದಳು ಅವ್ವ.

ಆಚಾರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅವ್ವನ ಹೆಗಲ ಆಚೆಯಿಂದ ನನ್ನನ್ನು ನೋಡಿದರು. ನಾನು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ ನೆಲ ನೋಡಿದೆ.

"ಕಳದೋಯ್ತು ಅವ್ವಾ. ತೆಪ್ಪಾಯ್ತು" ಎಂದರು.

ಅವ್ವ ಸುಲಭಕ್ಕೆ ಬೈಯುವವಳಲ್ಲ, ಬೈದರೆ ಬಿಡುವವಳೂ ಅಲ್ಲ. ಕುಡಿದು ಎಲ್ಲಿ ಬೀಳಿಸಿದೆಯೋ ಎಂದು ಕೂಡ ಕೇಳಿದಳು. ಒಂದು ತೊಟ್ಟು ಮುಟ್ಟದ ಮನುಷ್ಯ, ಬೀದಿ ಜನರೆದುರು ತಲೆ ತಗ್ಗಿಸಿ ನಿಂತಿದ್ದರು.

ಮಾರನೆಯ ದಿನ ಅವ್ವ ಊಟವಾಗಿ ಮಲಗಿದ್ದಾಗ ಆಚಾರಿ ಬಂಗಲೆಗೆ ಬಂದರು. ಮೆಟ್ಟಿಲ ಕೆಳಗೇ ನಿಂತರು. ಜಗಳಕ್ಕೆ ಬಂದಿದ್ದಾರೆ ಎಂದು ನಾನು ಮೊದಲೇ ಮುಖ ಗಂಟಿಕ್ಕಿಕೊಂಡಿದ್ದೆ.

"ಸಾವ್ಕಾರ್ರೆ, ಒಳಗಿನ ಗೂಡು ಕಿತ್ತಾಕಿ ಒಂದು ಹಲಗೆ ಕೂರ್ಸಿಬುಟ್ರೆ ಅದು ಮಂಟಪಾನೇಯ. ಬೆಣೆ ಕೆಲ್ಸ, ಕಬ್ಣ ಸೋಕಿಲ್ಲ. ಅರ್ಧ ದಿನ ಸಾಕು. ಕೂಲಿ ಬ್ಯಾಡ ನಂಗೆ."

ಎಲ್ಲರ ಮಾನವನ್ನೂ ಉಳಿಸುವ ದಾರಿಯನ್ನು ಅವರೇ ತಂದು ನನ್ನ ಕೈಗಿಟ್ಟಿದ್ದರು. ನಾನು ಏನೆಂದೆ? ಕನ್ನಡಿಯನ್ನು ಮೈಸೂರಿನಿಂದ ತರಿಸಿದ್ದೇನೆ, ಸ್ನೇಹಿತರನ್ನು ಕರೆದಾಗಿದೆ, ಅವ್ವ ಊರಿಗೆ ಹೋದಮೇಲೆ ನೋಡೋಣ ಎಂದೆ.

"ಊರಾಗೆ ನಂಗಿನ್ನು ದೇವ್ರ ಕೆಲ್ಸ ಕೊಡಾಕಿಲ್ಲ ಸಾವ್ಕಾರ್ರೆ."

"ಒಂದು ಕೀಲಿಕೈಗೆ ಯಾರು ಅಷ್ಟು ತಲೆ ಕೆಡಿಸ್ಕೋತಾರೆ? ಹೋಗು."

ತಲೆ ಕೆಡಿಸಿಕೊಂಡರು. ಆ ವರ್ಷ ದೇವಸ್ಥಾನದ ಹೊಸ ಪಲ್ಲಕ್ಕಿ ಅವರ ಕೈಗೇ ಬರಬೇಕಿತ್ತು, ಮರವನ್ನೂ ಅವರೇ ನೋಡಿ ಗುರುತು ಹಾಕಿದ್ದರು. ದೇವರ ಕೆಲಸವನ್ನು ಅರ್ಧಕ್ಕೆ ಬಿಟ್ಟು ಕೀಲಿಕೈ ಕಳೆಯುವವನಿಗೆ ಹೇಗೆ ಕೊಡುವುದು ಎಂದು ಪಾರುಪತ್ಯಗಾರರು ಅರಕಲಗೂಡು ಕಡೆಯ ಬಡಗಿಗಳನ್ನು ಕರೆಸಿದರು. ಆಮೇಲೆ ಆಚಾರಿಗೆ ನೇಗಿಲು, ನೊಗ, ಕಣದಲ್ಲಿ ಕಾಫಿ ಹರಡುವ ಹಲಗೆ, ಇಷ್ಟೇ ಉಳಿಯಿತು. ಮೊಳೆಯ ಕೆಲಸ. ದಾರಿಯಲ್ಲಿ ಸಿಕ್ಕಾಗ ನಿಂತು ಕೈ ಮುಗಿಯುತ್ತಿದ್ದರು. ಆ ಕೈ ಮುಗಿಯುವಿಕೆಗೆ ಹೆದರಿ ನಾನು ಸುತ್ತು ದಾರಿ ಹಿಡಿಯುತ್ತಿದ್ದೆ.

ಬೀಗ ಮುರಿಸುವುದು ಅಪಶಕುನ ಎಂದು ನಾನು ಹೆದರಿಸಿದ್ದರಿಂದ ಅವ್ವ ವೀರಭದ್ರನನ್ನು ಬಾಗಿಲ ಮುಂದೆ ಮಣೆಯ ಮೇಲಿಟ್ಟೇ ಪೂಜಿಸಿ, ಮಳೆಗಾಲಕ್ಕೆ ಮುಂಚೆ ಅಣ್ಣನ ಮನೆಗೆ ಹೋದಳು. ಮುಂದಿನ ಭಾನುವಾರ ಮಧ್ಯಾಹ್ನ ಸ್ನೇಹಿತರು ಬಂದರು. ಬಾಗಿಲು ತೆರೆದೆ, ಲೋಟ ನೇತಾಡಿತು, ಎಲ್ಲರೂ ಹೊಗಳಿದರು. ಸೈನ್ಯದಿಂದ ನಿವೃತ್ತರಾದ ಪಕ್ಕದ ತೋಟದ ಕೊಡವ ಹಿರಿಯರೊಬ್ಬರು ಬಾಗಿಲ ಮೇಲಿನ ವಿಭೂತಿ, ಎಣ್ಣೆಯ ಕಲೆ ಕಂಡು ಇದೇನೆಂದರು. ಒಳಗೆ ಹೋಗಿದ್ದ ಎರಡು ಗುಟುಕಿನ ಧೈರ್ಯದಲ್ಲಿ ನಾನು ಇಡೀ ಕಥೆಯನ್ನು ತಮಾಷೆಯಾಗಿ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹಿರಿಯರು ಲೋಟ ಕೆಳಗಿಟ್ಟರು.

"ನಾವು ಅವ್ವನ ಎದುರಿಗೇ ಕುಡಿಯೋದು ಮಾರಾಯ. ಮೊದಲು ದೀಪದ ಮುಂದೆ ನಮ್ಮ ಹಿರಿಯರಿಗೆ ಇಡ್ತೇವೆ, ಆಮೇಲೆ ನಮಗೆ. ನಿಮ್ಮಲ್ಲಿ ಕುಡಿಯೋದಿಲ್ಲ, ಅದೂ ಸರಿ. ಆದ್ರೆ ಆ ಮುದುಕ ಏನು ಮಾಡಿದ್ದ ನಿನಗೆ?"

ಅವರು ಊಟಕ್ಕೆ ನಿಲ್ಲಲಿಲ್ಲ. ಅಂದಿನಿಂದ ನಾನೂ ಆ ಬಾಗಿಲು ತೆರೆಯಲಿಲ್ಲ. ಅದರಿಂದ ಆಚಾರಿಗೆ ಬಂದ ಲಾಭವೇನೂ ಇಲ್ಲ.

ಕೊಡಗು ಮೈಸೂರಿಗೆ ಸೇರುವ ಮಾತು ಚಹಾ ಅಂಗಡಿಗಳಲ್ಲಿ ಕಾವೇರುತ್ತಿದ್ದ ದಿನಗಳಲ್ಲಿ ಆಚಾರಿ ಜ್ವರ ಬಂದು ತೀರಿಕೊಂಡರು. ತಿಥಿಯ ದಿನ ಹೋದೆ. ಪಾರುಪತ್ಯಗಾರರೂ, ಬೀದಿಯವರೂ ಚಪ್ಪರದಲ್ಲಿ ಕೂತಿದ್ದರು. ಎದ್ದು ನಿಂತು ಹೇಳಿದೆ. ಕೀಲಿಕೈ ಅವರು ಕಳೆದಿರಲಿಲ್ಲ, ನನ್ನ ಜೇಬಿನಲ್ಲಿತ್ತು. ಅದು ಮಂಟಪವೂ ಅಲ್ಲ, ನಾನು ಹೆಂಡ ಇಡಲು ಮಾಡಿಸಿದ ಬೀರು.

ಪಾರುಪತ್ಯಗಾರರು ಹನಿಗಣ್ಣಾಗಿ ಹೇಳಿದರು:

"ದೊಡ್ ಮನಸು ಸಾವ್ಕಾರ್ರೆ ನಿಮ್ದು. ಸತ್ತೋನ್ ತೆಪ್ಪ ನಿಮ್ ಮ್ಯಾಲೆ ಹಾಕ್ಕೊಂಡ್ರಿ. ಯಾರ್ ಮಾಡ್ತಾರೆ ಈ ಕಾಲ್ದಾಗೆ?"

ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಅಲ್ಲ, ನಿಜವಾಗಿಯೂ ಹಾಗೇ ನಡೆದದ್ದು ಎಂದು ನಾನು ಹೇಳಿದಷ್ಟೂ ಅವರ ಕಣ್ಣಿನಲ್ಲಿ ನಾನು ದೊಡ್ಡವನಾಗುತ್ತ ಹೋದೆ. ಹೊರಡುವಾಗ ಆಚಾರಿಯ ಹೆಂಡತಿ ಹಿತ್ತಲ ಬಾಗಿಲಲ್ಲಿ ನನ್ನನ್ನು ತಡೆದರು.

"ನಂಗೆ ಅವ್ರು ಅವತ್ತೇ ಹೇಳಿದ್ರು. ನೀವು ನಿಮ್ ಅವ್ವಾರ್ಗೆ ಹೇಳಿದ್ರಾ?"

ಇಲ್ಲ ಎಂದೆ.

"ಬೈದೋರು ಅವ್ರು. ಅವ್ರ ಬಾಯಾಗೆ ಒಳ್ಳೆ ಮಾತು ಬಂದಿದ್ರೆ ಸಾಕಿತ್ತು" ಎಂದು ಹೇಳಿ ಒಳಗೆ ಹೋದರು.

ಆಗ ಅವ್ವ ನನ್ನ ಮನೆಯಲ್ಲೇ ಇದ್ದಳು. ಹೇಳಿಯೇ ತೀರುತ್ತೇನೆ ಎಂದು ಮನೆಗೆ ಬಂದೆ. ಅವಳು ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದಳು. ಆಚಾರಿಯ ತಿಥಿಗೆ ಎಂದೆ. ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು.

"ಅಯ್ಯೋ ಪಾಪ. ಅವತ್ತು ಬಾಯಿಗೆ ಬಂದಂಗೆ ಬೈದ್ಬಿಟ್ಟೆ ನಾನು. ಆದ್ರೆ ನೋಡು ಮಗಾ, ತೆಪ್ಪು ಅವ್ನದೇ ಅಲ್ವಾ?"

ಅವಳು ನನ್ನ ಮುಖವನ್ನೇ ನೋಡುತ್ತ ಕಾದಳು.

"ಹೌದವ್ವ" ಎಂದೆ.