ನವಿಲು ನೀಲಿಯ ಚೌಕ

ಕೊಳ್ಳೇಗಾಲದಲ್ಲಿ ಇಪ್ಪತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡುವುದಿಲ್ಲ ಅನ್ನುತ್ತಾರೆ. ದರ್ಜಿಗಳ ಮೇಲೆ ಅಂಥ ಗಾದೆ ಯಾಕೆ ಕಟ್ಟಲಿಲ್ಲವೋ ತಿಳಿಯದು. ಕತ್ತರಿಸಿ ಉಳಿದ ತುಂಡು ಹೊಲಿಯುವವರಿಗೆ ಸೇರಿದ್ದು ಎಂಬುದು ನಮ್ಮ ಬೀದಿಯ ಕಾನೂನು. ಎಷ್ಟು ಉಳಿಯಬೇಕು ಅನ್ನುವುದನ್ನು ಕತ್ತರಿ ಹಿಡಿದವರೇ ತೀರ್ಮಾನಿಸುತ್ತಾರೆ.

ಆ ತುಂಡುಗಳಲ್ಲಿ ನಾನು ಕೌದಿ ಮಾಡುತ್ತೇನೆ. ನಮ್ಮತ್ತೆ ಹನೂರು ಕಡೆಯವರು. ಹಳೇ ಸೀರೆಗಳನ್ನು ಮಡಿಸಿ, ದಪ್ಪ ದಾರದಲ್ಲಿ ಉದ್ದುದ್ದ ಹೊಲಿಗೆ ಹಾಕಿ ಮುಗಿಸಿಬಿಡುತ್ತಿದ್ದರು. ಅದರ ಮೇಲೆ ನಿದ್ದೆಯೂ ಚೆನ್ನಾಗಿಯೇ ಬರುತ್ತಿತ್ತು. ನನಗೆ ಅಷ್ಟು ಸಾಲಲಿಲ್ಲ. ನನ್ನದು ಚೌಕಗಳ ಕೌದಿ. ನಡುವೆ ಅಂಗೈಯಗಲದ ತುಂಡು, ಅದರ ನಾಲ್ಕು ಬದಿಗೂ ತ್ರಿಕೋನ. ಹೊಲಿಗೆಗೆ ಕಾಲು ಇಂಚು ಬಿಡಬೇಕು. ಒಂದು ಚೌಕದಲ್ಲಿ ಕೂದಲೆಳೆ ತಪ್ಪಿದರೆ ಸಾಲಿನ ಕೊನೆಗೆ ಬೆರಳಗಲ ತಪ್ಪಿರುತ್ತದೆ. ಹೊಲಿದ ಅಂಚನ್ನು ಒಂದು ಚೌಕದಲ್ಲಿ ಎಡಕ್ಕೆ, ಪಕ್ಕದ್ದರಲ್ಲಿ ಬಲಕ್ಕೆ ಇಸ್ತ್ರಿ ಮಾಡಬೇಕು, ಆಗ ಜೋಡಿಸುವಾಗ ಮೂಲೆಗಳು ಕಚ್ಚಿ ಕೂರುತ್ತವೆ. ರೇಷ್ಮೆ ಜಾರುವುದರಿಂದ ಹಿಂದೆ ತೆಳ್ಳನೆಯ ಹತ್ತಿಬಟ್ಟೆ ಕೊಡಬೇಕು. ಇಷ್ಟು ಶಿಸ್ತಿನ ಹೆಂಗಸು ನಾನು.

ಹೋದ ವರ್ಷದ ಕೌದಿಗೆ ಮೂವತ್ತೈದು ಚೌಕ ಬೇಕಿತ್ತು, ಮೂವತ್ತನಾಲ್ಕು ಆಗಿದ್ದವು. ಎಲ್ಲ ಕೆಂಪು, ಹಸಿರು, ಅರಿಶಿನ. ನಟ್ಟನಡುವಿನದಕ್ಕೆ ಮಾತ್ರ ಬೇರೆ ಬಣ್ಣ ಬೇಕೆಂದು ನನಗೆ ಹಟ. ಆಗ ಅಗರದಿಂದ ಒಬ್ಬ ಅಕ್ಕ ಬಂದರು. ಹಳೆಯ ಗಿರಾಕಿ. ಮಗಳ ಮದುವೆಗೆ ತಾವು ಉಡಲೆಂದು ತೆಗೆದ ರೇಷ್ಮೆ ಸೀರೆಯ ರವಿಕೆ ಬಟ್ಟೆ, ನವಿಲು ನೀಲಿ, ಜರಿ ಅಂಚು. ಈ ಸಲ ತೋಳು ಮೊಣಕೈವರೆಗೂ ಬರಲಿ ಎಂದರು. ಕಾರಣ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಎಷ್ಟೋ ಸಲ ಅಳತೆ ತೆಗೆದವಳು ನಾನು. ಹಿಂದೆ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸದಲ್ಲಿದ್ದಾಗ ಕುದಿಯುವ ನೀರು ಬಿದ್ದು ಅವರ ಬಲತೋಳು ಸುಟ್ಟು ಸುಕ್ಕುಗಟ್ಟಿತ್ತು.

ಬಟ್ಟೆ ಹಿಡಿದು ನೋಡಿ, ನಾಲ್ಕು ಬೆರಳು ಕಮ್ಮಿ ಬೀಳುತ್ತದೆ ಎಂದೆ. ಅವರು ನಂಬಿದರು. ಗಿಡ್ಡ ತೋಳನ್ನೇ ಬಹಳ ಚೆನ್ನಾಗಿ ಹೊಲಿದುಕೊಟ್ಟೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಂಗಡಿಯ ನೆಲದಲ್ಲಿ ಕೌದಿ ಹರಡಿಕೊಂಡಿದ್ದೆ. ಕೆಳಗೆ ಅಸ್ತರು, ನಡುವೆ ಹಳೇ ಸೀರೆ, ಮೇಲೆ ಚೌಕಗಳ ಬಟ್ಟೆ. ಮೂರನ್ನೂ ಸೇರಿಸಿ ಟಾಕು ಹಾಕುವ ಮೊದಲು ಸುಕ್ಕು ತೀಡಬೇಕು. ಆ ಅಕ್ಕ ಸೀರೆಗೆ ಫಾಲ್ ಹಾಕಿಸಲು ಬಂದವರು ಚಪ್ಪಲಿ ಬಿಟ್ಟು, ನಾನು ಕರೆಯದೆಯೇ ಎದುರಿಗೆ ಕೂತು ಕೈಹಾಕಿದರು. ನಡುವಿನ ನೀಲಿ ಬಟ್ಟೆ ಯಾರದೆಂಬುದು ನನಗೆ ಮರೆತೇಹೋಗಿತ್ತು; ತುಂಡಿನ ಪೆಟ್ಟಿಗೆಗೆ ಬಿದ್ದ ಬಟ್ಟೆಗೆ ಊರು ಕೇರಿ ಇರುವುದಿಲ್ಲ. ನಡುವಿನಿಂದ ಶುರು ಮಾಡಿ ಅಂಚಿಗೆ ತೀಡಬೇಕು, ಇಲ್ಲದಿದ್ದರೆ ಸುಕ್ಕು ಒಳಗೇ ಉಳಿಯುತ್ತದೆ ಎಂದು ನಾನೇ ಹೇಳಿಕೊಟ್ಟೆ.

ಅವರ ಕೈ ನಡುವಿನ ಚೌಕದ ಮೇಲೆ ನಿಂತಿತು. ಜರಿ ಮುಟ್ಟಿದರು. ಸುತ್ತಲಿನ ನಾಲ್ಕು ನೀಲಿ ತ್ರಿಕೋನಗಳನ್ನು ಒಂದೊಂದಾಗಿ ಮುಟ್ಟಿದರು. ಆಮೇಲೆ ಗೇಣು ಹಾಕಿ ಅಳೆದರು, ಅದೇ ಗೇಣನ್ನು ತೋಳಿನ ಮೇಲಿಟ್ಟು ನೋಡಿಕೊಂಡರು.

"ಮೊಣಕೈ ಗಂಟ ಬತ್ತಿತ್ತು," ಎಂದರು.

ಈಗಲೇ ಬಿಚ್ಚುತ್ತೇನೆ, ರವಿಕೆ ತನ್ನಿ, ಜೋಡಣೆ ಕಾಣದ ಹಾಗೆ ಉದ್ದ ಮಾಡಿಕೊಡುತ್ತೇನೆ ಎಂದು ಏನೇನೋ ಹೇಳುತ್ತಾ ಬ್ಲೇಡು ಹುಡುಕಿದೆ. ಅವರು ಕೋಪ ಮಾಡಿಕೊಂಡಿದ್ದರೆ ವಾಸಿಯಿತ್ತು.

"ಬುಡವ್ವ, ಈಗ್ಯಾಕೆ. ಧಾರೆಗೆ ಕೈ ಚಾಚ್ಬೇಕಾಗಿತ್ತು ನೋಡು, ತೋಳು ಕಾಣ್ತದಲ್ಲ ಅಂತ ನಮ್ ಬದ್ಲು ಮೈದ್ನ ಓರಗಿತ್ತೀನ ನಿಲ್ಸ್ಬುಟ್ಟೊ."

ಅಷ್ಟು ಹೇಳಿ ಅಂಚಿನವರೆಗೂ ಸುಕ್ಕು ತೀಡಿಕೊಟ್ಟು, ಸೀರೆ ಬಿಟ್ಟು ಬಸ್ಸಿಗೆ ಹೋದರು. ಅವರಿಗೆ ಇದ್ದದ್ದು ಒಬ್ಬಳೇ ಮಗಳು.